ಎಕ್ಸ್‌ಪೋಸಿತೊ: ಒಂದು ಅಡ್ಡಹೆಸರಿನ ಕಥೆ

  

ಕೆಲವು ವಾರಗಳ ಹಿಂದೆ ನಮ್ಮ ಕಾರ್ಯಕ್ರಮದಲ್ಲಿ ಅಡ್ಡಹೆಸರುಗಳ ಬಗ್ಗೆ ಮಾತಾಡಿದ್ದು ನಿಮಗೆ ನೆನಪಿರಬಹುದು. ಅವತ್ತು ಫೋನ್ ಬಿಡುವೇ ಇಲ್ಲದೆ ಬಾರಿಸುತ್ತಿತ್ತು. ಉತ್ತರ ಕರ್ನಾಟಕದವರಿಗೆ ಅಡ್ಡಹೆಸರೆಂದರೆ ಒಂದು ಹಬ್ಬ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ, ಬಡಿಗೇರ ಎಂದು ಒಬ್ಬರ ಹಿಂದೊಬ್ಬರು ಹೇಳುತ್ತಲೇ ಹೋದರು. ಹಳೆ ಮೈಸೂರಿನ ಕಡೆಯವರ ಕಷ್ಟ ಬೇರೆ. ಊರಿನ ಮೊದಲಕ್ಷರ, ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ತನ್ನ ಹೆಸರು, ಅಲ್ಲಿಗೆ ಮುಗಿಯಿತು. ಮುಂಬಯಿಗೆ ಬಂದ ಮೇಲೆ ಆಫೀಸಿನ ಗುಮಾಸ್ತ "ಸರ್‌ನೇಮ್ ಹೇಳಿ" ಎಂದಾಗ ಒಬ್ಬರು ಗಾಬರಿಯಲ್ಲಿ ಊರ ಹೆಸರು ಹೇಳಿಬಿಟ್ಟರಂತೆ. ಈಗ ಅವರ ಮೊಮ್ಮಕ್ಕಳಿಗೂ ಅದೇ ಸರ್‌ನೇಮ್. ಆ ಊರನ್ನು ಮಾತ್ರ ಮೊಮ್ಮಕ್ಕಳು ನೋಡಿಲ್ಲ.

ನಕ್ಕು ಕಾರ್ಯಕ್ರಮ ಮುಗಿಸಿದ ಮೇಲೆ ಇನ್ನೊಂದು ಫೋನ್ ಬಂತು. ಮಾತಾಡಿದವರು ಒಬ್ಬ ತಾಯಿ. "ಹೆಸರು ಹೇಳಬೇಡಿ ಮೇಡಂ, ಒಂದು ವಿಷಯ ಕೇಳಬೇಕಿತ್ತು. ನಮ್ಮ ಮಗಳನ್ನು ನಾವು ದತ್ತು ತಂದದ್ದು. ಮೊನ್ನೆ ಶಾಲೆಯ ಫಾರ್ಮಿನಲ್ಲಿ ನಮ್ಮ ಯಜಮಾನರ ಸರ್‌ನೇಮ್ ಬರೆದೆವು. ಅವಳು ದೊಡ್ಡವಳಾಗಿ, ಅಮ್ಮಾ, ಇದು ನಿಜವಾಗಿ ನನ್ನ ಹೆಸರಾ ಅಂತ ಕೇಳಿದರೆ ಏನು ಹೇಳಲಿ?" ಎಂದರು. ನನಗೆ ತಕ್ಷಣ ಉತ್ತರ ತೋಚಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ಅಮ್ಮ" ಎಂದೆ. ಹಾಗೆ ಯೋಚಿಸುತ್ತಿದ್ದಾಗ ನೆನಪಾದದ್ದು ಬಹಳ ದೂರದ ಒಂದು ಅಡ್ಡಹೆಸರು. ಅದು ಸ್ಪೇನ್ ದೇಶದ್ದು. ಇವತ್ತು ನಿಮಗೆ ಹೇಳಹೊರಟಿರುವುದು ಆ ಹೆಸರಿನ ಕಥೆಯನ್ನೇ.

ಮೊದಲು ಸ್ಪೇನಿನವರ ಹೆಸರಿನ ಪದ್ಧತಿಯನ್ನು ಸ್ವಲ್ಪ ನೋಡೋಣ. ಅಲ್ಲಿ ಪ್ರತಿಯೊಬ್ಬರಿಗೂ ಎರಡೆರಡು ಅಡ್ಡಹೆಸರು. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಮದುವೆಯಾದ ಮೇಲೆ ಹೆಂಡತಿ ತನ್ನ ಹೆಸರನ್ನು ಬದಲಾಯಿಸಿಕೊಳ್ಳುವುದಿಲ್ಲ. ಹುಟ್ಟುವಾಗ ಬಂದ ಎರಡು ಹೆಸರೂ ಕೊನೆತನಕ ಅವಳ ಜೊತೆಗೇ ಇರುತ್ತವೆ. ಮಕ್ಕಳಿಗೆ ಅಪ್ಪನ ಮೊದಲ ಅಡ್ಡಹೆಸರು, ಅಮ್ಮನ ಮೊದಲ ಅಡ್ಡಹೆಸರು ಸೇರಿ ಹೊಸ ಜೋಡಿಯಾಗುತ್ತದೆ. ಬಹಳ ಕಾಲ ಅಪ್ಪನದೇ ಮುಂದೆ ಬರುತ್ತಿತ್ತು. ಯಾವುದು ಮುಂದೆ ಬರಬೇಕೆಂದು ತಂದೆತಾಯಿ ಕೂಡಿ ತೀರ್ಮಾನಿಸಬಹುದೆಂದು 1999ರಲ್ಲಿ ಕಾನೂನಾಯಿತು. 2017ರ ಜೂನ್ 30ರಿಂದ ಅಪ್ಪನ ಹೆಸರಿಗಿದ್ದ ತಾನಾಗಿಯೇ ಮೊದಲ ಸ್ಥಾನ ಪಡೆಯುವ ಹಕ್ಕು ಪೂರ್ತಿ ಹೋಯಿತು.

ಈಗ ಅಲ್ಲಿನ ಜನಪ್ರಿಯ ಅಡ್ಡಹೆಸರುಗಳನ್ನು ನೋಡಿ. ಎಲ್ಲಕ್ಕಿಂತ ಮೊದಲಿನದು ಗಾರ್ಸಿಯಾ. ಸುಮಾರು ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೊದಲ ಅಡ್ಡಹೆಸರು ಅದು. ಆಮೇಲೆ ರೊಡ್ರಿಗೆಸ್, ಗೊನ್ಸಾಲೆಸ್, ಫೆರ್ನಾಂಡೆಸ್, ಲೋಪೆಸ್, ಮಾರ್ಟಿನೆಸ್, ಸಾಂಚೆಸ್, ಪೆರೆಸ್, ಗೋಮೆಸ್. ಮೊದಲ ಹತ್ತರಲ್ಲಿ ಎಂಟು ಹೆಸರುಗಳಿಗೆ ಒಂದೇ ಬಾಲ. ಆ ಬಾಲದ ಅರ್ಥ 'ಇಂಥವನ ಮಗ' ಎಂದು. ಫೆರ್ನಾಂಡೋನ ಮಗ ಫೆರ್ನಾಂಡೆಸ್, ರೊಡ್ರಿಗೋನ ಮಗ ರೊಡ್ರಿಗೆಸ್.

ಈ ಹೆಸರುಗಳು ಎಲ್ಲೋ ಕೇಳಿದಂತಿವೆಯಲ್ಲ ಎನ್ನುತ್ತೀರಾ? ಕೇಳಿದವೇ. ನಮ್ಮ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ, ಇಲ್ಲಿ ಬಾಂದ್ರಾ, ಮಾಹಿಮ್ ಕಡೆಯ ಕಟ್ಟಡಗಳ ನೇಮ್‌ಪ್ಲೇಟುಗಳಲ್ಲಿ ಇವು ಬೇಕಾದಷ್ಟಿವೆ. ನಮ್ಮ ಕಡೆಗೆ ಬಂದದ್ದು ಪೋರ್ಚುಗೀಸರ ಮೂಲಕ, ಹಾಗಾಗಿ ಬರೆಯುವಾಗ ಕೊನೆಯ ಅಕ್ಷರ ಬೇರೆ. ಬುಡ ಮಾತ್ರ ಒಂದೇ. ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಕಾರ್ಮಿಕರ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್ ಅವರ ಹೆಸರಿಗೂ ಅದೇ ಬುಡ.

ಅಂದರೆ ಸ್ಪೇನಿನ ಅಡ್ಡಹೆಸರುಗಳಲ್ಲಿ ದೊಡ್ಡ ಪಾಲು ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತವೆ: ನೀನು ಯಾರ ಮಗ? ನಮ್ಮ ಹಳ್ಳಿಗಳಲ್ಲೂ ಹೊಸ ಹುಡುಗ ಕಂಡರೆ ಹಿರಿಯರು ಮೊದಲು ಕೇಳುವುದು ಇದನ್ನೇ. ಆದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲದ ಮಗುವಿಗೆ ಏನೆಂದು ಹೆಸರಿಡುವುದು?

ಅಂಥ ಮಗುವಿಗೆ ಸ್ಪೇನಿನವರು ಇಟ್ಟ ಹೆಸರೇ ಎಕ್ಸ್‌ಪೋಸಿತೊ.

ಮೂಲ ಲ್ಯಾಟಿನ್ ಭಾಷೆಯ 'ಎಕ್ಸ್‌ಪೋಸಿಟುಸ್'. ಹೊರಗೆ ಇಟ್ಟದ್ದು ಎಂದು ಅರ್ಥ. ನಾವು ದಿನಾ ಬಳಸುವ ಎಕ್ಸ್‌ಪೋಸ್, ಕ್ಯಾಮೆರಾದವರ ಎಕ್ಸ್‌ಪೋಷರ್ ಎಲ್ಲ ಇದೇ ಬೇರಿನಿಂದ ಬಂದವು. ಹೆತ್ತವರು ಮನೆಯಿಂದ ಹೊರಗೆ ಇಟ್ಟುಹೋದ ಕೂಸು, ಎಕ್ಸ್‌ಪೋಸಿತೊ.

ಹಿಂದಿನ ಕಾಲದಲ್ಲಿ ಯುರೋಪಿನ ಊರುಗಳಲ್ಲಿ ಕೂಸುಗಳನ್ನು ಚರ್ಚಿನ ಮೆಟ್ಟಿಲ ಮೇಲೆ, ಶ್ರೀಮಂತರ ಬಾಗಿಲಲ್ಲಿ, ಕೆಲವೊಮ್ಮೆ ರಸ್ತೆಯಲ್ಲೇ ಬಿಟ್ಟುಹೋಗುತ್ತಿದ್ದರು. ಮದುವೆಯಿಲ್ಲದೆ ಹುಟ್ಟಿದ್ದು ಒಂದು ಕಾರಣ. ಬಡತನ ಇನ್ನೊಂದು. ಮದುವೆಯಾದ ದಂಪತಿಗಳೂ ಬರಗಾಲದಲ್ಲಿ, ಜೋಳ ಗೋಧಿ ತುಟ್ಟಿಯಾದಾಗ, ಸಾಕಲಾರದೆ ಬಿಟ್ಟದ್ದುಂಟು. ಚಳಿಗೆ, ನಾಯಿಗಳಿಗೆ ಸಿಕ್ಕಿ ಕೂಸು ಸಾಯಬಾರದು ಎಂದು ಧರ್ಮಸಂಸ್ಥೆಗಳು ಅನಾಥಾಲಯ ತೆರೆದವು. ಮ್ಯಾಡ್ರಿಡ್ ನಗರದಲ್ಲಿ 1572ರ ಸುಮಾರಿಗೆ ಇಂಥ ಕೂಸುಗಳನ್ನು ತೆಗೆದುಕೊಳ್ಳಲು ಆರಂಭಿಸಿದ ಸಂಸ್ಥೆಯ ಹೆಸರು ಇನ್‌ಕ್ಲೂಸಾ. ಹಾಲೆಂಡಿನ ಎಂಕ್‌ಹೌಜನ್ ಎಂಬ ಊರಿನಿಂದ ಒಬ್ಬ ಸೈನಿಕ ತಂದ ಮಾತೆ ಮೇರಿಯ ಚಿತ್ರ ಅಲ್ಲಿತ್ತಂತೆ. ಆ ಊರಿನ ಹೆಸರು ಮ್ಯಾಡ್ರಿಡ್ ಜನರ ಬಾಯಲ್ಲಿ ತಿರುಚಿ ಇನ್‌ಕ್ಲೂಸಾ ಆಯಿತು ಎಂದು ಹೇಳುತ್ತಾರೆ. ಆಮೇಲೆ ಸ್ಪೇನಿನಲ್ಲಿ ಅನಾಥಾಲಯಕ್ಕೇ ಇನ್‌ಕ್ಲೂಸಾ ಎನ್ನುವುದು ರೂಢಿಯಾಯಿತು.

ಈ ಮನೆಗಳ ಗೋಡೆಯಲ್ಲಿ ಒಂದು ವಿಶೇಷ ಏರ್ಪಾಡು ಇರುತ್ತಿತ್ತು. ಅದರ ಹೆಸರು ತೋರ್ನೊ. ಮರದ ದೊಡ್ಡ ಪೀಪಾಯಿಯನ್ನು ನೆಟ್ಟಗೆ ನಿಲ್ಲಿಸಿ, ಒಂದು ಬದಿ ತೆರೆದು, ಗೋಡೆಯೊಳಗೆ ತಿರುಗುವಂತೆ ಕೂರಿಸಿದರೆ ಹೇಗಿರುತ್ತದೋ ಹಾಗೆ. ಹೊರಗೆ ನಿಂತವರು ಕೂಸನ್ನು ಅದರೊಳಗೆ ಮಲಗಿಸಿ, ಗಂಟೆ ಬಾರಿಸಿ, ಚಕ್ರ ತಿರುಗಿಸುತ್ತಿದ್ದರು. ಕೂಸು ಒಳಗೆ ಬರುತ್ತಿತ್ತು. ಒಳಗಿನವರಿಗೆ ಹೊರಗಿನವರ ಮುಖ ಕಾಣುವುದಿಲ್ಲ. ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಪ್ರಶ್ನೆ ಕೇಳುವವರಿಲ್ಲ, ಉತ್ತರ ಹೇಳುವವರಿಲ್ಲ. ಹೆಚ್ಚಾಗಿ ರಾತ್ರಿಯ ಹೊತ್ತು.

ಕೆಲವು ಕೂಸುಗಳ ಬಟ್ಟೆಯಲ್ಲಿ ಒಂದು ಚೀಟಿ ಸಿಕ್ಕಿಸಿರುತ್ತಿದ್ದರು. ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ, ಇಂಥ ಹೆಸರಿಟ್ಟರೆ ಒಳ್ಳೆಯದು, ಇಷ್ಟೇ ಬರಹ. ಕೆಲವು ತಾಯಂದಿರು ರಿಬ್ಬನ್ನಿನ ಅರ್ಧ, ಚಿತ್ರಪಟದ ಅರ್ಧ ಇಟ್ಟು, ಇನ್ನರ್ಧವನ್ನು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಿದ್ದರು. ಮುಂದೊಂದು ದಿನ ಕೈ ಸುಧಾರಿಸಿದರೆ ಬಂದು, ಎರಡು ಅರ್ಧ ಜೋಡಿಸಿ, ಇದು ನನ್ನ ಮಗು ಎಂದು ತೋರಿಸಿ ಕರೆದೊಯ್ಯಬಹುದು ಎನ್ನುವ ಆಸೆ. ಕೆಲವರು ಬಂದರು. ಬಾರದವರೇ ಹೆಚ್ಚು.

ಬಂದರೂ ಮಗು ಬದುಕಿರಬೇಕಲ್ಲ. ಆ ಕಾಲದಲ್ಲಿ ಬಾಟಲಿ ಹಾಲು ಇಲ್ಲ. ಹಾಲೂಡಿಸುವ ದಾದಿಯರು ಬೇಕು. ಒಳಗೆ ಒಬ್ಬ ದಾದಿಗೆ ಎರಡು ಮೂರು ಕೂಸು. ಆದಷ್ಟು ಬೇಗ ಹಳ್ಳಿಯ ದಾದಿಯರಿಗೆ ಒಪ್ಪಿಸಿ, ತಿಂಗಳಿಗಿಷ್ಟೆಂದು ಹಣ ಕೊಡುತ್ತಿದ್ದರು. ಸಂಸ್ಥೆಯಲ್ಲಿ ಹಣವಿಲ್ಲದಾಗ ಅದೂ ತಪ್ಪುತ್ತಿತ್ತು. ಇನ್‌ಕ್ಲೂಸಾಕ್ಕೆ ಬಂದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲ್ಯದಲ್ಲೇ ಸಾಯುತ್ತಿದ್ದವು. ಎಕ್ಸ್‌ಪೋಸಿತೊ ಎಂಬ ಹೆಸರು ಇವತ್ತು ಯಾರಿಗಾದರೂ ಇದೆ ಎಂದರೆ, ಅಂಥದ್ದರಲ್ಲೂ ಒಂದು ಕೂಸು ಹೇಗೋ ಬದುಕಿ ಉಳಿದು, ದೊಡ್ಡದಾಗಿ, ಸಂಸಾರ ಕಟ್ಟಿತು ಎಂದೇ ಅರ್ಥ.

ಆ ಪದ ಅಡ್ಡಹೆಸರಾದದ್ದು ಹೇಗೆ? ಯಾರೋ ಒಂದು ದಿನ ಕೂತು ಯೋಚಿಸಿ ಇಟ್ಟದ್ದಲ್ಲ. ಕೂಸು ಬಂದೊಡನೆ ರಿಜಿಸ್ಟರಿನಲ್ಲಿ ಬರೆಯಬೇಕು. ಹೆಸರು: ಹ್ವಾನ್. ಅಪ್ಪ: ಗೊತ್ತಿಲ್ಲ. ಅಮ್ಮ: ಗೊತ್ತಿಲ್ಲ. ಅಪ್ಪನ ಹೆಸರು ಬರಬೇಕಾದ ಜಾಗದಲ್ಲಿ ಬರೆಯುವವನು 'ಎಕ್ಸ್‌ಪೋಸಿತೊ' ಎಂದು ಬರೆದ. ಅವನ ಮಟ್ಟಿಗೆ ಅದು ಒಂದು ವಿವರ, ಅಷ್ಟೇ. ಹುಡುಗ ದೊಡ್ಡವನಾದ, ಮದುವೆಯಾದ, ಅವನಿಗೊಂದು ಮಗುವಾಯಿತು. ಆ ಮಗುವನ್ನು ಯಾರೂ ಹೊರಗೆ ಇಟ್ಟಿರಲಿಲ್ಲ, ಅದು ಅಪ್ಪ ಅಮ್ಮನ ಮಡಿಲಲ್ಲೇ ಇತ್ತು. ಆದರೆ ರಿಜಿಸ್ಟರಿನಲ್ಲಿ ಅಪ್ಪನ ಹೆಸರಿನ ಮುಂದೆ ಇದ್ದದ್ದು ಮಗುವಿನ ಹೆಸರಿನ ಮುಂದೆಯೂ ಬಂತು. ಒಬ್ಬ ಗುಮಾಸ್ತನ ಷರಾ ಒಂದು ವಂಶದ ಹೆಸರಾಯಿತು. ಊರಿನ ಹೆಸರು ಹೇಳಿ ಸಿಕ್ಕಿಕೊಂಡ ನಮ್ಮ ಕೇಳುಗರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಎಲ್ಲರಿಗೂ ಇದೇ ಹೆಸರು ಇಡುತ್ತಿರಲಿಲ್ಲ ಎನ್ನಿ. ಕೆಲವು ಕಡೆ ಕ್ರುಸ್ ಎಂದಿಟ್ಟರು, ಶಿಲುಬೆ ಎಂದರ್ಥ. ಕೆಲವು ಕಡೆ 'ಇಗ್ಲೇಸಿಯಾ', ಚರ್ಚು. ಕೆಲವು ಕಡೆ ಆ ದಿನದ ಸಂತನ ಹೆಸರು. 'ದೆ ದಿಯೋಸ್' ಎಂದರೆ ದೇವರವನು. ಹೀಗಿಟ್ಟ ಹೆಸರುಗಳು ಬೇರೆ ಕಾರಣಗಳಿಂದಲೂ ಬಂದಿರಬಹುದಾದ್ದರಿಂದ ಗುಟ್ಟು ಗುಟ್ಟಾಗಿಯೇ ಉಳಿಯಿತು. ಎಕ್ಸ್‌ಪೋಸಿತೊ ಮಾತ್ರ ಗುಟ್ಟು ಉಳಿಸುವ ಹೆಸರಲ್ಲ. ಬಾಯಿಬಿಟ್ಟು ಹೇಳಿದೊಡನೆ ಎದುರಿಗಿದ್ದವರಿಗೆ ತಿಳಿಯುತ್ತಿತ್ತು.

ತಿಳಿದರೆ ಏನಾಗುತ್ತಿತ್ತು? ಆ ಕಾಲದ ಸ್ಪೇನಿನಲ್ಲಿ ಅನೇಕ ಕಸುಬುಗಳ ಸಂಘಗಳಿಗೆ, ಕಾಲೇಜುಗಳಿಗೆ, ಮಠಗಳಿಗೆ ಸೇರಬೇಕಾದರೆ ಹುಟ್ಟಿನ ಶುದ್ಧಿಯ ಪುರಾವೆ ಕೊಡಬೇಕಿತ್ತು. ಅಪ್ಪ ಯಾರೆಂದು ತಿಳಿಯದವನು ಪುರಾವೆ ಎಲ್ಲಿಂದ ತಂದಾನು? ಬೀದಿಯಲ್ಲಿ ಜಗಳವಾದರೆ ಮೊದಲು ಬರುವ ಬೈಗುಳವೂ ಹುಟ್ಟಿನದೇ.

ಇದಕ್ಕೊಂದು ದೊಡ್ಡ ತಿರುವು ಸಿಕ್ಕಿದ್ದು 1794ರ ಜನವರಿಯಲ್ಲಿ. ಆಗ ಸ್ಪೇನಿನ ದೊರೆ ನಾಲ್ಕನೆಯ ಕಾರ್ಲೋಸ್. ತಂದೆತಾಯಿ ಗೊತ್ತಿಲ್ಲದ ಎಲ್ಲ ಎಕ್ಸ್‌ಪೋಸಿತೊಗಳನ್ನೂ ನಾಗರಿಕ ವ್ಯವಹಾರದಲ್ಲಿ ಸಕ್ರಮ ಸಂತಾನವೆಂದೇ ಎಣಿಸಬೇಕು ಎಂದು ಅವನು ಆಜ್ಞೆ ಹೊರಡಿಸಿದ. ಕಾಲೇಜಿಗೆ, ಕಸುಬಿಗೆ ಹುಟ್ಟು ಅಡ್ಡ ಬರಬಾರದು. ಇವರನ್ನು ಅಕ್ರಮ ಸಂತಾನ ಎಂಬರ್ಥದ ಮಾತುಗಳಿಂದ ಹೀಯಾಳಿಸಿದವರನ್ನು ನ್ಯಾಯಾಲಯ ಶಿಕ್ಷಿಸಬೇಕು, ದಂಡ ಹಾಕಬೇಕು. ಅದೇ ಆಜ್ಞೆಯಲ್ಲಿ ಇನ್ನೊಂದು ಸ್ವಾರಸ್ಯದ ಮಾತಿದೆ. ತಪ್ಪು ಮಾಡಿದ ಎಕ್ಸ್‌ಪೋಸಿತೊಗೆ ಚಾಟಿಯೇಟು, ಗಲ್ಲು, ಬೀದಿಯಲ್ಲಿ ಮೆರವಣಿಗೆಯಂಥ ಅವಮಾನದ ಶಿಕ್ಷೆ ಕೊಡಬಾರದು, ಗಣ್ಯರಿಗೆ ಕೊಡುವಂಥ ಶಿಕ್ಷೆಯನ್ನೇ ಕೊಡಬೇಕು. ಏಕೆಂದರೆ ಯಾರಿಗೆ ಗೊತ್ತು, ಅವನು ದೊಡ್ಡ ಮನೆತನದವನೇ ಆಗಿರಬಹುದು! ಸಂಶಯದ ಲಾಭ ಎಂದು ನಮ್ಮ ಕೋರ್ಟುಗಳಲ್ಲಿ ಹೇಳುತ್ತಾರಲ್ಲ, ಅದನ್ನು ದೊರೆ ಹುಟ್ಟಿಗೇ ಅನ್ವಯಿಸಿದ್ದ. ಕರುಣೆಯ ಆಜ್ಞೆಯೇ ನಿಜ. ಆದರೂ ಅದರೊಳಗೆ ದೊಡ್ಡ ಮನೆತನ, ಸಣ್ಣ ಮನೆತನ ಎಂಬ ಭೇದ ಹಾಗೇ ಉಳಿದದ್ದನ್ನು ನೀವು ಗಮನಿಸಿರಬಹುದು.

ಅದೇ ದೊರೆಯ ಕಾಲದಲ್ಲಿ ಈ ಮಕ್ಕಳು ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಆಗ ಸಿಡುಬು ಊರೂರುಗಳನ್ನೇ ನುಂಗುತ್ತಿತ್ತು. ಜೆನ್ನರ್ ಕಂಡುಹಿಡಿದ ಲಸಿಕೆ ಹೊಸದಾಗಿ ಬಂದಿತ್ತು. ಅದನ್ನು ಅಮೆರಿಕ ಖಂಡದ ಸ್ಪೇನ್ ವಸಾಹತುಗಳಿಗೆ ಮುಟ್ಟಿಸಬೇಕು. ಐಸ್ ಪೆಟ್ಟಿಗೆ ಇಲ್ಲದ ಕಾಲ. ಹಡಗಿನ ಪ್ರಯಾಣದ ವಾರಗಳಲ್ಲಿ ಲಸಿಕೆಯ ದ್ರವ ಸತ್ವ ಕಳೆದುಕೊಳ್ಳುತ್ತಿತ್ತು. ವೈದ್ಯ ಬಾಲ್ಮಿಸ್ ಕಂಡುಕೊಂಡ ದಾರಿ ಮಕ್ಕಳ ತೋಳು. ಇಬ್ಬರು ಮಕ್ಕಳಿಗೆ ಲಸಿಕೆ ಹಾಕುವುದು, ಒಂಬತ್ತು ಹತ್ತು ದಿನದಲ್ಲಿ ಏಳುವ ಗುಳ್ಳೆಯ ದ್ರವವನ್ನು ಮತ್ತಿಬ್ಬರಿಗೆ ಹಾಕುವುದು, ಹೀಗೆ ದಡ ಮುಟ್ಟುವ ತನಕ. ಯಾರ ಮಕ್ಕಳನ್ನು ಕರೆದೊಯ್ಯುವುದು? ಕೇಳುವವರಿಲ್ಲದ ಮಕ್ಕಳನ್ನು. 1803ರ ನವೆಂಬರ್ 30ರಂದು ಲಾ ಕೊರುನ್ಯಾ ಬಂದರಿನಿಂದ 'ಮರಿಯಾ ಪಿತಾ' ಎಂಬ ಹಡಗು ಹೊರಟಿತು. ಅದರಲ್ಲಿ 22 ಹುಡುಗರು. ಮೂರು ವರ್ಷದವರೂ ಇದ್ದರು, ಒಂಬತ್ತು ವರ್ಷದವರೂ ಇದ್ದರು. ಅವರ ಪಟ್ಟಿ ಉಳಿದಿದೆ. ಹೆಚ್ಚಿನವರಿಗೆ ಬರೀ ಹೆಸರು. ಅಡ್ಡಹೆಸರಿನ ಜಾಗ ಖಾಲಿ.

ಅವರನ್ನು ನೋಡಿಕೊಳ್ಳಲು ಹೋದವರು ಕೊರುನ್ಯಾದ ಅನಾಥಾಲಯದ ಮೇಲ್ವಿಚಾರಕಿ ಇಸಬೆಲ್ ಸೆಂದಾಲ್. ತನ್ನ ಮಗನನ್ನೂ ಆ 22ರಲ್ಲಿ ಕರೆದೊಯ್ದರು. ಈಕೆಯ ಅಡ್ಡಹೆಸರನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಬರೆದಿದ್ದಾರೆ. ಅವರ ಕೆಲಸ ದೊಡ್ಡದು, ಅವರ ಹೆಸರು ಸರಿಯಾಗಿ ಬರೆಯುವ ವ್ಯವಧಾನ ಯಾರಿಗೂ ಇರಲಿಲ್ಲ. ಕೊರೊನಾ ಕಾಲದಲ್ಲಿ, 2020ರ ಡಿಸೆಂಬರ್ 1ರಂದು, ಮ್ಯಾಡ್ರಿಡ್‌ನಲ್ಲಿ ಒಂದು ದೊಡ್ಡ ಆಸ್ಪತ್ರೆ ತೆರೆದು ಅದಕ್ಕೆ ಅವರ ಹೆಸರಿಟ್ಟರು. ಹುಡುಗರು ಮೆಕ್ಸಿಕೊದಲ್ಲೇ ಉಳಿದರು.

ಇದು ನಮಗೆ ತೀರ ದೂರದ ಕಥೆಯೂ ಅಲ್ಲ. ಅದಕ್ಕೂ ಒಂದು ವರ್ಷ ಮೊದಲು, 1802ರ ಜೂನ್ 14ರಂದು, ಇದೇ ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಸಿಡುಬಿನ ಲಸಿಕೆ ಹಾಕಲಾಯಿತು. ಭಾರತದಲ್ಲಿ ಆ ಲಸಿಕೆ ಪಡೆದ ಮೊದಲ ಮಗು ಅವಳು. ಆ ಲಸಿಕೆಯೂ ಬಾಗ್ದಾದ್, ಬಸ್ರಾ ದಾರಿಯಾಗಿ ತೋಳಿನಿಂದ ತೋಳಿಗೆ ದಾಟಿಕೊಂಡೇ ಬಂದದ್ದು.

ಈಗ ಮತ್ತೆ ನಮ್ಮ ಹೆಸರಿಗೆ ಬರೋಣ. ಸ್ಪೇನಿನಿಂದ ಪೂರ್ವಕ್ಕೆ ಸಮುದ್ರ ದಾಟಿದರೆ ಇಟಲಿಯ ನೇಪಲ್ಸ್. ಬಹುಕಾಲ ಸ್ಪೇನ್ ದೊರೆಗಳ ಕೈಕೆಳಗಿದ್ದ ಊರು. ಅಲ್ಲಿ ಇದೇ ಹೆಸರು ಎಸ್ಪೋಸಿತೊ. ನೇಪಲ್ಸ್‌ನ ಅನುನ್ಸಿಯಾತಾ ಎಂಬ ಸಂಸ್ಥೆಯ ಗೋಡೆಯಲ್ಲಿ ಅಂಥದೇ ಚಕ್ರ ಇತ್ತು. 1875ರಲ್ಲಿ ಅದನ್ನು ಮುಚ್ಚಿದರು. ಅಲ್ಲಿ ಬೆಳೆದ ಮಕ್ಕಳನ್ನು ಊರ ಜನ 'ಮಡೋನಾಳ ಮಕ್ಕಳು' ಎನ್ನುತ್ತಿದ್ದರಂತೆ, ಮಾತೆ ಮೇರಿಯ ಮಕ್ಕಳು ಎಂದು. 1808ರಿಂದ 1815ರ ತನಕ ನೇಪಲ್ಸ್ ಆಳಿದ, ನೆಪೋಲಿಯನ್ನನ ಭಾವಮೈದುನ ಮುರಾ, ಇನ್ನು ಮೇಲೆ ಮಕ್ಕಳಿಗೆ ಈ ಹೆಸರು ಇಡಕೂಡದು ಎಂದು ನಿಷೇಧಿಸಿದ. ಆದರೆ ಅಷ್ಟರಲ್ಲಿ ಹೆಸರು ಮನೆಮನೆಗೆ ಹಬ್ಬಿಯಾಗಿತ್ತು. ಇವತ್ತು ಇಟಲಿಯ ಅತಿ ಹೆಚ್ಚು ಬಳಕೆಯ ಅಡ್ಡಹೆಸರುಗಳ ಸಾಲಿನಲ್ಲಿ ಎಸ್ಪೋಸಿತೊ ಇದೆ. ನೇಪಲ್ಸ್‌ನಲ್ಲಂತೂ ಅದೇ ಮೊದಲು. ಹೊರಗಿಟ್ಟವರ ಹೆಸರು ಊರಿನ ಅತಿ ಸಾಮಾನ್ಯ ಹೆಸರಾದ ಮೇಲೆ ಒಳಗಿನವರು ಯಾರು, ಹೊರಗಿನವರು ಯಾರು? 'ಬ್ರೇಕಿಂಗ್ ಬ್ಯಾಡ್' ಧಾರಾವಾಹಿ ನೋಡಿದವರಿಗೆ ಜಿಯಾನ್‌ಕಾರ್ಲೊ ಎಸ್ಪೋಸಿತೊ ಎಂಬ ನಟ ಗೊತ್ತಿರಬಹುದು. ಅವರ ತಂದೆ ನೇಪಲ್ಸ್ ಕಡೆಯವರು.

ಪಶ್ಚಿಮಕ್ಕೆ ಸಾಗರ ದಾಟಿದರೆ ಅರ್ಜೆಂಟೀನಾ. ಬ್ಯೂನಸ್ ಐರಿಸ್‌ನಲ್ಲಿ 1779ರಲ್ಲಿ ಎಕ್ಸ್‌ಪೋಸಿತೊ ಮಕ್ಕಳ ಮನೆ ತೆರೆಯಿತು. ಅದರ ಖರ್ಚಿಗೆ ವೈಸ್‌ರಾಯ್ ವೆರ್ತಿಸ್ ಹೂಡಿದ ಉಪಾಯ ಚೆನ್ನಾಗಿದೆ. ಕೋರ್ದೊಬಾ ಊರಿನಲ್ಲಿ ಜೆಸ್ಯುಯಿಟ್ ಪಾದ್ರಿಗಳು ಬಿಟ್ಟುಹೋದ ಹಳೆಯ ಅಚ್ಚಿನ ಯಂತ್ರ ಧೂಳು ತಿನ್ನುತ್ತಿತ್ತು. ಅದನ್ನು ತರಿಸಿ 1780ರಲ್ಲಿ ಮುದ್ರಣಾಲಯ ಹಾಕಿಸಿದ. ಅದರ ಆದಾಯ ಮಕ್ಕಳ ಮನೆಗೆ. ಹೆಸರೂ ಎಕ್ಸ್‌ಪೋಸಿತೊ ಮಕ್ಕಳ ಮುದ್ರಣಾಲಯ ಎಂದೇ. ಮುಂದೆ 1810ರಲ್ಲಿ ಅಲ್ಲಿನ ಜನ ಸ್ಪೇನ್ ಆಡಳಿತದ ವಿರುದ್ಧ ಎದ್ದು ನಿಂತಾಗ, ಅವರ ಪತ್ರಿಕೆ 'ಗಸೆತಾ ದೆ ಬ್ಯೂನಸ್ ಐರಿಸ್' ಜೂನ್ 7ರಂದು ಅಚ್ಚಾಗಿ ಹೊರಬಂದದ್ದು ಆ ಮುದ್ರಣಾಲಯದಿಂದಲೇ. ಮಕ್ಕಳ ಹಾಲಿಗೆಂದು ಹಾಕಿದ ಯಂತ್ರ ಒಂದು ದೇಶದ ಹುಟ್ಟಿನ ಸುದ್ದಿ ಅಚ್ಚು ಹಾಕಿತು. ಅದೇ ಮಕ್ಕಳ ಮನೆ ಇವತ್ತು ಮಕ್ಕಳ ದೊಡ್ಡ ಆಸ್ಪತ್ರೆ. ಇನ್ನು ಸಂಗೀತಪ್ರಿಯರಿಗೆ ಒಂದು ಮಾತು. ಅರ್ಜೆಂಟೀನಾದ ಟ್ಯಾಂಗೊ ಹಾಡುಗಳಲ್ಲಿ ಬಹಳ ಪ್ರಸಿದ್ಧವಾದ 'ನರಾಂಹೊ ಎನ್ ಫ್ಲೋರ್' ಎಂಬುದನ್ನು ಬರೆದು ರಾಗ ಹಾಕಿದವರು ಹೊಮೇರೊ ಮತ್ತು ವಿರ್ಹೀಲಿಯೊ ಎಂಬ ಅಣ್ಣತಮ್ಮಂದಿರು. ಅಡ್ಡಹೆಸರು ಎಕ್ಸ್‌ಪೋಸಿತೊ.

ಹಾಗಾದರೆ ಇವತ್ತು ಸ್ಪೇನಿನಲ್ಲಿ ಈ ಹೆಸರಿನವರು ಎಷ್ಟಿದ್ದಾರೆ? ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಒಂದು ಒಳ್ಳೆಯ ಸೌಲಭ್ಯ ಮಾಡಿದೆ. ಯಾವುದೇ ಅಡ್ಡಹೆಸರು ಕೊಟ್ಟರೆ ಎಷ್ಟು ಜನರಿಗೆ ಅದು ಮೊದಲ ಹೆಸರು, ಎಷ್ಟು ಜನರಿಗೆ ಎರಡನೆಯದು, ಯಾವ ಪ್ರಾಂತದಲ್ಲಿ ಎಷ್ಟು ಎಂದು ತೋರಿಸುತ್ತದೆ. ಎಕ್ಸ್‌ಪೋಸಿತೊಗಳ ಲೆಕ್ಕ ಅಲ್ಲಿ ಹತ್ತಾರು ಸಾವಿರಗಳಲ್ಲಿದೆ. ಗಾರ್ಸಿಯಾಗಳ ಲಕ್ಷಗಳ ಮುಂದೆ ಸಣ್ಣದೇ. ಆದರೆ ಕೆನರಿ ದ್ವೀಪಗಳಲ್ಲಿ, ಅದರಲ್ಲೂ ತೆನೆರಿಫೆ ಕಡೆ, ಈ ಹೆಸರು ಸಾಕಷ್ಟು ದಟ್ಟವಾಗಿದೆ.

ಈ ಸಂಖ್ಯೆಯನ್ನು ಓದುವಾಗ ಮೂರು ವಿಷಯ ನೆನಪಿಡಬೇಕು. ಒಂದು, ಎಕ್ಸ್‌ಪೋಸಿತೊ ಎಂದರೆ ಒಂದು ವಂಶವಲ್ಲ. ನಮ್ಮಲ್ಲಿ ಒಂದೇ ಅಡ್ಡಹೆಸರಿನವರು ಸಿಕ್ಕರೆ "ನಮ್ಮ ಪೈಕಿಯೇ ಇರಬೇಕು" ಎನ್ನುತ್ತೇವೆ. ಅಲ್ಲಿ ಹಾಗೆ ಹೇಳುವಂತಿಲ್ಲ. ಊರೂರಿನ ಒಂದೊಂದು ಕೂಸೂ ಒಂದೊಂದು ವಂಶಕ್ಕೆ ಮೂಲ. ಎರಡು, ಸ್ಪೇನಿನ ಪದ್ಧತಿಯಲ್ಲಿ ಅಮ್ಮನ ಹೆಸರು ಮಕ್ಕಳಿಗೆ ಎರಡನೆಯದಾಗಿ ಬಂದು, ಮೊಮ್ಮಕ್ಕಳ ಕಾಲಕ್ಕೆ ಬಿದ್ದುಹೋಗುತ್ತಿತ್ತು. ಚಕ್ರದಲ್ಲಿ ಬಂದ ಹೆಣ್ಣುಕೂಸುಗಳ ಸಂತತಿ ಇವತ್ತು ಬೇರೆ ಬೇರೆ ಹೆಸರುಗಳಲ್ಲಿ ಕರಗಿಹೋಗಿದೆ. ಗಾರ್ಸಿಯಾ, ಲೋಪೆಸ್‌ಗಳ ಮನೆಯಲ್ಲೂ ಅಂಥ ಮುತ್ತಜ್ಜಿ ಇದ್ದಿರಬಹುದು. ಮೂರು, ಅನೇಕರು ಈ ಹೆಸರನ್ನು ಬಿಟ್ಟೇಬಿಟ್ಟರು. ಖರ್ಚಿಲ್ಲದೆ ಇದನ್ನು ಬದಲಾಯಿಸಿಕೊಳ್ಳಲು 1921ರಲ್ಲಿ ಕಾನೂನು ಅವಕಾಶ ಕೊಟ್ಟಿತು. 1957ರ ನಾಗರಿಕ ನೋಂದಣಿ ಕಾನೂನೂ ಎಕ್ಸ್‌ಪೋಸಿತೊ ಎಂದು ಹೆಸರೆತ್ತಿ, ಮೂಲ ತಿಳಿಯದವರೆಂದು ಸೂಚಿಸುವ ಇಂಥ ಅಡ್ಡಹೆಸರುಗಳನ್ನು ಬದಲಾಯಿಸಬಹುದು ಎಂದಿತು.

ಬಾಗಿಲು ತೆರೆದಿತ್ತು. ಆದರೂ ಸಾವಿರಾರು ಮನೆಗಳವರು ಹೆಸರು ಬಿಡಲಿಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ. ಬಿಟ್ಟವರನ್ನು ತಪ್ಪು ಎನ್ನಲಾರೆ. ದಿನಾ ಶಾಲೆಯಲ್ಲಿ ಹಾಜರಿ ಕೂಗುವಾಗ ತಲೆತಗ್ಗಿಸಬೇಕಾದ ಮಗುವಿಗೆ ಹೊಸ ಹೆಸರು ಕೊಟ್ಟ ತಂದೆತಾಯಿ ಸರಿಯಾದದ್ದನ್ನೇ ಮಾಡಿದರು. ಉಳಿಸಿಕೊಂಡವರಿಗೆ ಅಷ್ಟು ಹೊತ್ತಿಗೆ ಅದು ಹೊರಗೆ ಇಟ್ಟವರ ಹೆಸರಾಗಿ ಉಳಿದಿರಲಿಲ್ಲ. ಅಪ್ಪನ ಹೆಸರಾಗಿತ್ತು, ಅಜ್ಜನ ಹೆಸರಾಗಿತ್ತು. 'ಎಲಿಟೆ' ಎಂಬ ಧಾರಾವಾಹಿಯಲ್ಲಿ ನಟಿಸಿದ, 2000ದಲ್ಲಿ ಹುಟ್ಟಿದ ಎಸ್ತೆರ್ ಎಕ್ಸ್‌ಪೋಸಿತೊ ಎಂಬ ನಟಿಯ ಹೆಸರನ್ನು ಇವತ್ತಿನ ಹುಡುಗರು ಹೇಳುವಾಗ ಯಾರಿಗೂ ಚಕ್ರದ ನೆನಪಾಗುವುದಿಲ್ಲ.

ಕನ್ನಡ ಬಿ.ಎ. ಓದುವಾಗ ಪಂಪನ ಕರ್ಣನನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡವರಲ್ಲಿ ನಾನೂ ಒಬ್ಬಳು. ಕರ್ಣನೂ ಹೊರಗೆ ಇಟ್ಟ ಕೂಸೇ ಅಲ್ಲವೆ? ತಾಯಿ ಹೊಳೆಯಲ್ಲಿ ತೇಲಿಬಿಟ್ಟಳು. ಯಾರ ಮಗ ಎಂಬ ಪ್ರಶ್ನೆ ತುಂಬಿದ ಸಭೆಯಲ್ಲಿ ಅವನ ತಲೆ ತಗ್ಗಿಸಿತು. ಆದರೆ ನಮ್ಮವರು ಅವನಿಗೆ ಇನ್ನೊಂದು ಹೆಸರು ಕೊಟ್ಟರು: ರಾಧೇಯ. ಎತ್ತಿಕೊಂಡು ಹಾಲೂಡಿಸಿದ ರಾಧೆಯ ಮಗ. ಒಂದೇ ಮಗುವನ್ನು ಬಿಟ್ಟವರ ಲೆಕ್ಕದಲ್ಲೂ ಕರೆಯಬಹುದು, ಎತ್ತಿಕೊಂಡವರ ಲೆಕ್ಕದಲ್ಲೂ ಕರೆಯಬಹುದು. ಸ್ಪೇನಿನ ಗುಮಾಸ್ತ ಮೊದಲಿನದನ್ನು ಬರೆದ. ರಾಧೇಯ ಎಂದವರು ಎರಡನೆಯದನ್ನು ಹೇಳಿದರು.

ನಮ್ಮ ದೇಶದಲ್ಲೂ ಮಕ್ಕಳನ್ನು ಬಿಟ್ಟುಹೋಗುವುದು ನಿಂತಿಲ್ಲ. ತಮಿಳುನಾಡಿನ ಸೇಲಂನಲ್ಲಿ 1992ರಲ್ಲಿ ತೊಟ್ಟಿಲು ಮಕ್ಕಳ ಯೋಜನೆ ಆರಂಭವಾದದ್ದು ಚೆನ್ನೈನ ನಮ್ಮ ಓದುಗರಿಗೆ ನೆನಪಿರುತ್ತದೆ. ಬೇಡವಾದ ಹೆಣ್ಣುಕೂಸನ್ನು ಕೊಲ್ಲಬೇಡಿ, ಈ ತೊಟ್ಟಿಲಲ್ಲಿ ಮಲಗಿಸಿ ಹೋಗಿ ಎಂಬ ಕರೆ. ನಾಲ್ಕು ಶತಮಾನದ ಹಿಂದಿನ ತೋರ್ನೊ ಮಾಡಿದ್ದೂ ಇದನ್ನೇ. ವ್ಯತ್ಯಾಸ ಎಂದರೆ ನಮ್ಮ ತೊಟ್ಟಿಲಿನ ಮಗುವಿಗೆ ಯಾರೂ 'ತೊಟ್ಟಿಲು' ಎಂದು ಅಡ್ಡಹೆಸರು ಬರೆಯುವುದಿಲ್ಲ. ಕಾಲಂಗಳೂ ಸ್ವಲ್ಪ ಸಡಿಲವಾಗಿವೆ. 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ, ತಾಯಿ ಅಥವಾ ಪಾಲಕರು, ಯಾರಾದರೂ ಒಬ್ಬರ ಹೆಸರಿದ್ದರೆ ಸಾಕು.

ಈಗ ಫೋನ್ ಮಾಡಿದ್ದ ಆ ತಾಯಿಗೆ ನನ್ನ ಉತ್ತರ. ಅಮ್ಮ, ನಿಮ್ಮ ಮಗಳು ಇದು ನನ್ನ ಹೆಸರಾ ಎಂದು ಕೇಳಿದರೆ, ಹೌದು ಎಂದು ಹೇಳಿ. ಯಾವ ಅಡ್ಡಹೆಸರೂ ಹುಟ್ಟುವಾಗ ನಮ್ಮ ಮೈಮೇಲೆ ಬರೆದುಕೊಂಡು ಬಂದದ್ದಲ್ಲ. ಯಾರೋ ಫಾರ್ಮಿನಲ್ಲಿ ಬರೆದದ್ದು, ಆಮೇಲೆ ನಾವು ಬದುಕಿ ನಮ್ಮದು ಮಾಡಿಕೊಂಡದ್ದು. 'ಹೊರಗೆ ಇಟ್ಟದ್ದು' ಎಂಬ ಪದವನ್ನೇ ತಲೆಮಾರುಗಟ್ಟಲೆ ಹೊತ್ತು, ಮನೆಯ ಹೆಸರು ಮಾಡಿಕೊಂಡವರು ಇರುವಾಗ, ಪ್ರೀತಿಯಿಂದ ಒಳಗೆ ಕರೆದುಕೊಂಡವರು ಬರೆದ ಹೆಸರು ಅವಳದಾಗದೆ ಇನ್ನಾರದಾಗುತ್ತದೆ? ಮತ್ತೆ, ಅವಳು ಕೇಳುವ ತನಕ ಕಾಯಬೇಡಿ. ಅವಳ ವಯಸ್ಸಿಗೆ ತಕ್ಕಂತೆ ನೀವೇ ಹೇಳಿ. ಸ್ಪೇನಿನ ಆ ಮಕ್ಕಳಿಗೆ ಅರ್ಧ ರಿಬ್ಬನ್ನೇ ಗತಿಯಾಗಿತ್ತು. ನಿಮ್ಮ ಮಗಳಿಗೆ ಕಥೆ ಪೂರ್ತಿ ಸಿಗಲಿ.

ನಿಮ್ಮ ಅಡ್ಡಹೆಸರಿನ ಹಿಂದೆಯೂ ಒಂದು ಕಥೆ ಇರಬಹುದು. ಅದನ್ನು ಬರೆದವರು ಯಾರು, ಶಾನುಭೋಗರೋ, ಶಾಲೆಯ ಮೇಷ್ಟ್ರೋ, ಮುಂಬಯಿಯ ಗುಮಾಸ್ತರೋ? ಮನೆಯ ಹಿರಿಯರನ್ನು ಇವತ್ತೇ ಕೇಳಿ, ನಮಗೊಂದು ಕಾಗದ ಬರೆಯಿರಿ. ಮುಂದಿನ ವಾರ ಮತ್ತೆ ಸಿಗೋಣ. ಅಲ್ಲಿಯವರೆಗೆ, ನಮಸ್ಕಾರ.